ಗಡಿ ದಾಟಿದರೆ ಬದಲಾಗುವ ಬಾಡಿಗೆ ಹಕ್ಕು: ಬೆಂಗಳೂರು, ಹೊಸೂರು, ಕಾಸರಗೋಡು, ಕೊಲ್ಹಾಪುರ

ಬೆಂಗಳೂರಿನ ಬೊಮ್ಮನಹಳ್ಳಿಯಲ್ಲಿ ಒಂದು ಕುಟುಂಬ, ಗಡಿಯಾಚೆ ತಮಿಳುನಾಡಿನ ಹೊಸೂರಿನಲ್ಲಿ ಇನ್ನೊಂದು ಕುಟುಂಬ ಬಾಡಿಗೆಗಿದೆ ಎಂದುಕೊಳ್ಳೋಣ. ಎರಡೂ ಮನೆಗೆ ತಿಂಗಳಿಗೆ 15,000 ರೂಪಾಯಿ ಬಾಡಿಗೆ. ಇಬ್ಬರೂ ಪ್ರತಿ ತಿಂಗಳು ಐದನೇ ತಾರೀಖಿನೊಳಗೆ ಹಣ ಕಟ್ಟುತ್ತಾರೆ. ಗೋಡೆಗೆ ಮೊಳೆ ಹೊಡೆದಿಲ್ಲ, ಅಕ್ಕಪಕ್ಕದವರೊಂದಿಗೆ ಜಗಳವಿಲ್ಲ. ಒಂದು ದಿನ ಎರಡೂ ಮನೆಯ ಮಾಲೀಕರು ಒಂದೇ ಮಾತು ಹೇಳುತ್ತಾರೆ: "ಮುಂದಿನ ತಿಂಗಳು ಮನೆ ಖಾಲಿ ಮಾಡಿ."

ಈ ಎರಡು ಊರುಗಳ ನಡುವೆ ಇರುವುದು ಒಂದು ಗಂಟೆಯ ಪ್ರಯಾಣ. ಹೊಸೂರಿನಿಂದ ಎಲೆಕ್ಟ್ರಾನಿಕ್ ಸಿಟಿಗೆ ಕೆಲಸಕ್ಕೆ ಬರುವವರೂ ಬೆಂಗಳೂರಿನಿಂದ ಹೊಸೂರಿನ ಕಾರ್ಖಾನೆಗಳಿಗೆ ಹೋಗುವವರೂ ದಿನವೂ ಅದೇ ರಸ್ತೆಯಲ್ಲಿ ಎದುರುಬದುರಾಗುತ್ತಾರೆ. ಆದರೆ ಗಡಿಯ ಊರಾದ ಅತ್ತಿಬೆಲೆಯ ಆಚೆಗಿನ ಬಾಡಿಗೆದಾರನಿಗೆ ಇರುವ ಹಕ್ಕುಗಳ ಪಟ್ಟಿಯೇ ಬೇರೆ, ಈಚೆಗಿನವನದೇ ಬೇರೆ. ಬಾಡಿಗೆ ನಿಯಂತ್ರಣದ ಕಾಯ್ದೆಗಳನ್ನು ಮಾಡುವುದು ಆಯಾ ರಾಜ್ಯ. ಆ ಕಾಯ್ದೆಗಳು ಮುಟ್ಟದ ಕಡೆಯೆಲ್ಲ ಕೇಂದ್ರದ 1882ರ ಸ್ವತ್ತು ವರ್ಗಾವಣೆ ಕಾಯ್ದೆ ನಡೆಯುತ್ತದೆ. ಹೀಗಾಗಿ ಯಾವುದೇ ಊರಿನ ಬಾಡಿಗೆದಾರ ಮೊದಲು ಕೇಳಬೇಕಾದದ್ದು "ನನ್ನ ಹಕ್ಕೇನು" ಎಂದಲ್ಲ, "ನನ್ನ ಮನೆ ಯಾವ ಕಾಯ್ದೆಯ ಕೆಳಗೆ ಬರುತ್ತದೆ" ಎಂದು. ಉಳಿದ ಉತ್ತರಗಳೆಲ್ಲ ಅದರಿಂದಲೇ ಹೊರಡುತ್ತವೆ.

ಬೊಮ್ಮನಹಳ್ಳಿಯ ಕುಟುಂಬದ ಪ್ರಶ್ನೆಯನ್ನು ಮೊದಲು ನೋಡೋಣ. ಕರ್ನಾಟಕದಲ್ಲಿ ಬಾಡಿಗೆ ಕಾಯ್ದೆ ಇದೆ. ಅದರ ಹೆಸರು ಕರ್ನಾಟಕ ಬಾಡಿಗೆ ಕಾಯ್ದೆ, 1999. ಹಳೆಯ 1961ರ ಬಾಡಿಗೆ ನಿಯಂತ್ರಣ ಕಾಯ್ದೆಯನ್ನು ತೆಗೆದುಹಾಕಿ, 2001ರ ಡಿಸೆಂಬರ್ 31ರಂದು ಇದು ಜಾರಿಗೆ ಬಂತು. ಇದರ 27ನೇ ಕಲಂ ಓದಿದರೆ ಬಾಡಿಗೆದಾರನಿಗೆ ಧೈರ್ಯ ಬರುತ್ತದೆ. ಕಾಯ್ದೆಯಲ್ಲಿ ಬರೆದಿರುವ ಕಾರಣಗಳಿಲ್ಲದೆ ಯಾರನ್ನೂ ತೆರವುಗೊಳಿಸುವಂತಿಲ್ಲ. ಬಾಡಿಗೆ ಬಾಕಿ, ಒಪ್ಪಿಗೆಯಿಲ್ಲದೆ ಇನ್ನೊಬ್ಬರಿಗೆ ಒಳಬಾಡಿಗೆ ಕೊಡುವುದು, ಮಾಲೀಕರ ನಿಜವಾದ ಸ್ವಂತ ಅಗತ್ಯ, ಇಂಥವು ಆ ಕಾರಣಗಳು. ಬಾಕಿಯ ವಿಷಯದಲ್ಲೂ ಕೇಳಿಕೆಯ ನೋಟಿಸು ತಲುಪಿದ ಎರಡು ತಿಂಗಳೊಳಗೆ ಹಣ ಕಟ್ಟಿಬಿಟ್ಟರೆ ಆ ಕಾರಣ ನಿಲ್ಲುವುದಿಲ್ಲ.

ಆದರೆ ಅದಕ್ಕೂ ಮೊದಲು 2ನೇ ಕಲಂ ಇದೆ. ಯಾವ ಯಾವ ಕಟ್ಟಡಗಳಿಗೆ ಈ ಕಾಯ್ದೆ ಅನ್ವಯಿಸುವುದಿಲ್ಲ ಎಂದು ಅಲ್ಲಿ ಹೇಳಿದೆ. ಬೆಂಗಳೂರಿನಂಥ ನಗರಗಳಲ್ಲಿ ತಿಂಗಳ ಬಾಡಿಗೆ 3,500 ರೂಪಾಯಿ ಮೀರಿದ್ದರೆ, ಉಳಿದ ಪ್ರದೇಶಗಳಲ್ಲಿ 2,000 ರೂಪಾಯಿ ಮೀರಿದ್ದರೆ, ಆ ಮನೆ ಕಾಯ್ದೆಯ ಹೊರಗೆ. ಕಾಯ್ದೆ ರೂಪುಗೊಂಡ ಕಾಲದಲ್ಲಿ 3,500 ರೂಪಾಯಿ ಬಾಡಿಗೆ ಎಂದರೆ ಉಳ್ಳವರ ಮನೆ. ಅವರು ಮಾಲೀಕರೊಂದಿಗೆ ಸರಿಸಮನಾಗಿ ಚೌಕಾಸಿ ಮಾಡಬಲ್ಲರು, ಅವರಿಗೆ ಸರ್ಕಾರದ ರಕ್ಷಣೆ ಏಕೆ ಎಂಬ ಲೆಕ್ಕಾಚಾರ ಆಗ ಅರ್ಥಪೂರ್ಣವಾಗಿಯೇ ಇತ್ತು. ಬಾಡಿಗೆಗಳು ಏರಿದವು, ಅಂಕಿ ಏರಲಿಲ್ಲ. ಇಂದು ಬೆಂಗಳೂರಿನಲ್ಲಿ 3,500 ರೂಪಾಯಿಗೆ ಒಂದು ಶೀಟಿನ ಕೋಣೆ ಸಿಕ್ಕರೂ ಪುಣ್ಯ. ಕಾಯ್ದೆಯನ್ನು ಯಾರೂ ರದ್ದು ಮಾಡಲಿಲ್ಲ, ಬಾಡಿಗೆದಾರರ ರಕ್ಷಣೆ ಬೇಡವೆಂದು ವಿಧಾನಸಭೆಯಲ್ಲಿ ಯಾರೂ ಕೈ ಎತ್ತಲಿಲ್ಲ. ಆದರೂ ಕಾಯ್ದೆಯ ಒಳಗೆ ಉಳಿದವರು ಕಡಿಮೆ ಬಾಡಿಗೆಯಲ್ಲಿರುವ ಹಳೆಯ ಬಾಡಿಗೆದಾರರು ಮತ್ತು ತೀರಾ ಸಣ್ಣ ಮನೆಗಳವರು ಮಾತ್ರ. ನನಗೆ ಈ ಇಡೀ ವಿಷಯದಲ್ಲಿ ಅತ್ಯಂತ ಕಳವಳ ಹುಟ್ಟಿಸುವುದು ಇದೇ. ರಕ್ಷಣೆಯನ್ನು ಕಿತ್ತುಕೊಂಡಿದ್ದರೆ ಜನ ಪ್ರಶ್ನೆ ಕೇಳುತ್ತಿದ್ದರು. ಒಂದು ಅಂಕಿಯನ್ನು ಹಾಗೆಯೇ ಬಿಟ್ಟದ್ದರಿಂದ ಯಾರಿಗೂ ಗೊತ್ತಾಗದಂತೆ ಅದು ಕರಗಿಹೋಯಿತು.

15,000 ರೂಪಾಯಿ ಬಾಡಿಗೆಯ ಬೊಮ್ಮನಹಳ್ಳಿಯ ಮನೆ ಹಾಗಾಗಿ 1882ರ ಕಾಯ್ದೆಯ ಪಾಲು. ಆ ಕಾಯ್ದೆಯ 106ನೇ ಕಲಂ ಪ್ರಕಾರ ತಿಂಗಳಿಂದ ತಿಂಗಳಿಗೆ ನಡೆಯುವ ಬಾಡಿಗೆಯನ್ನು 15 ದಿನಗಳ ನೋಟಿಸಿನಿಂದ ಕೊನೆಗೊಳಿಸಬಹುದು. ಕಾರಣ ಹೇಳಬೇಕಾಗಿಲ್ಲ. ಬಾಡಿಗೆ ಸರಿಯಾಗಿ ಕಟ್ಟಿದ್ದೇನೆ, ಮಕ್ಕಳ ಪರೀಕ್ಷೆ ಇದೆ, ಮನೆಯಲ್ಲಿ ಕಾಯಿಲೆಯವರಿದ್ದಾರೆ ಎಂಬುದು ಯಾವುದೂ ಕಾನೂನಿನ ಉತ್ತರವಲ್ಲ. ಹನ್ನೊಂದು ತಿಂಗಳ ಕರಾರು ಇನ್ನೂ ಜಾರಿಯಲ್ಲಿದ್ದರೆ ಪರಿಸ್ಥಿತಿ ಸ್ವಲ್ಪ ಬೇರೆ. ಆಗ ಕರಾರಿನಲ್ಲಿ ಏನು ಬರೆದಿದೆಯೋ ಅದೇ ಕಾನೂನು. "ಉಭಯ ಪಕ್ಷದವರಲ್ಲಿ ಯಾರೇ ಆದರೂ ಎರಡು ತಿಂಗಳ ನೋಟಿಸು ಕೊಟ್ಟು ಕರಾರನ್ನು ಮುಗಿಸಬಹುದು" ಎಂಬ ಸಾಲು ಬಹುತೇಕ ಎಲ್ಲ ಕರಾರುಗಳಲ್ಲೂ ಇರುತ್ತದೆ. ಅದು ಇದ್ದರೆ ಮಾಲೀಕರು ಅವಧಿಯ ಮಧ್ಯದಲ್ಲೇ ಬಿಡಿಸಬಹುದು. ಇಲ್ಲದಿದ್ದರೆ ಕರಾರು ಮುರಿಯದ ಬಾಡಿಗೆದಾರನನ್ನು ಅವಧಿ ಮುಗಿಯುವವರೆಗೆ ಎಬ್ಬಿಸುವುದು ಕಷ್ಟ. ಆ ಒಂದು ಸಾಲಿನ ಬೆಲೆ ಇಷ್ಟಿದ್ದರೂ ಜನ ಸಹಿ ಹಾಕುವಾಗ ಬಾಡಿಗೆಯ ಮೊತ್ತ ಮತ್ತು ಅಡ್ವಾನ್ಸಿನ ಮೊತ್ತ ಎರಡನ್ನೇ ನೋಡುತ್ತಾರೆ.

ಇಲ್ಲೊಂದು ಮುಖ್ಯವಾದ ವ್ಯತ್ಯಾಸ ತಿಳಿದಿರಬೇಕು. ನೋಟಿಸು ಬಾಡಿಗೆಯ ಹಕ್ಕನ್ನು ಮುಗಿಸುತ್ತದೆ, ಮನೆಯ ಬೀಗದ ಕೈಯನ್ನು ಮಾಲೀಕರಿಗೆ ಕೊಡಿಸುವುದಿಲ್ಲ. ನೋಟಿಸಿನ ಅವಧಿ ಮುಗಿದ ಮೇಲೂ ಬಾಡಿಗೆದಾರ ಹೊರಡದಿದ್ದರೆ ಮಾಲೀಕರು ಸಿವಿಲ್ ನ್ಯಾಯಾಲಯದಲ್ಲಿ, ಬೆಂಗಳೂರಿನಲ್ಲಾದರೆ ಸಾಮಾನ್ಯವಾಗಿ ಲಘು ವ್ಯವಹಾರಗಳ ನ್ಯಾಯಾಲಯದಲ್ಲಿ, ತೆರವಿನ ದಾವೆ ಹೂಡಬೇಕು. ಡಿಕ್ರಿ, ಅಂದರೆ ದಾವೆಯ ತೀರ್ಪಿನ ಆದೇಶ, ಪಡೆದು, ಅದನ್ನು ಜಾರಿಗೊಳಿಸುವ ಅರ್ಜಿ ಹಾಕಿ, ನ್ಯಾಯಾಲಯದ ಅಮೀನರ ಮೂಲಕವೇ ಸ್ವಾಧೀನ ಪಡೆಯಬೇಕು. ಹೀಗೆ ಬೆಂಗಳೂರಿನ ಬಾಡಿಗೆದಾರನ ಬಳಿ ವಾದಿಸಲು ಹಕ್ಕು ಕಡಿಮೆ, ಕೈಯಲ್ಲಿ ಸಮಯ ಮಾತ್ರ ಇದೆ. ಆ ಸಮಯ ಹುಟ್ಟುವುದು ನ್ಯಾಯಾಲಯದ ನಿಧಾನದಿಂದ. ಇದು ಯಾರಿಗೂ ಒಳ್ಳೆಯದಲ್ಲ. ಪ್ರಾಮಾಣಿಕ ಬಾಡಿಗೆದಾರ ನ್ಯಾಯಾಲಯದ ಹೆಸರು ಕೇಳಿಯೇ ಗಂಟುಮೂಟೆ ಕಟ್ಟುತ್ತಾನೆ. ಮೊಂಡು ಬಾಡಿಗೆದಾರ ವರ್ಷಗಟ್ಟಲೆ ಕೂರುತ್ತಾನೆ, ಆ ಒಂದೇ ಮನೆಯ ಬಾಡಿಗೆಯಲ್ಲಿ ಔಷಧಿ ಕೊಳ್ಳುವ ವಯಸ್ಸಾದ ಮಾಲೀಕರು ಕೋರ್ಟಿಗೆ ಅಲೆಯುತ್ತಾರೆ.

ಹೊಸೂರಿನ ಲೆಕ್ಕ

ಹೊಸೂರು ಇರುವುದು ತಮಿಳುನಾಡಿನ ಕೃಷ್ಣಗಿರಿ ಜಿಲ್ಲೆಯಲ್ಲಿ. ಕನ್ನಡ, ತೆಲುಗು ಮಾತಾಡುವವರು ತಲೆಮಾರುಗಳಿಂದ ಇರುವ ಊರದು. 2019ರಲ್ಲಿ ಮಹಾನಗರ ಪಾಲಿಕೆಯಾಯಿತು. ಕಾಕತಾಳೀಯವೆಂಬಂತೆ ಅದೇ ತಿಂಗಳು, 2019ರ ಫೆಬ್ರುವರಿ 22ರಂದು, ತಮಿಳುನಾಡಿನಲ್ಲಿ ಹೊಸ ಬಾಡಿಗೆ ಕಾಯ್ದೆ ಜಾರಿಗೆ ಬಂತು. ಮಾಲೀಕರು ಮತ್ತು ಬಾಡಿಗೆದಾರರ ಹಕ್ಕು ಹಾಗೂ ಹೊಣೆಗಳನ್ನು ನಿಯಂತ್ರಿಸುವ 2017ರ ಕಾಯ್ದೆ ಅದು. ಅಲ್ಲಿಯವರೆಗೆ ನಡೆಯುತ್ತಿದ್ದ 1960ರ ಬಾಡಿಗೆ ನಿಯಂತ್ರಣ ಕಾಯ್ದೆ ಅಂದಿಗೆ ಮುಗಿಯಿತು.

ಕರ್ನಾಟಕದ ಕಾಯ್ದೆಗೂ ಇದಕ್ಕೂ ಇರುವ ಮೊದಲ ವ್ಯತ್ಯಾಸ ಎಂದರೆ ಇಲ್ಲಿ ಬಾಡಿಗೆಯ ಮೊತ್ತದ ಮಿತಿ ಇಲ್ಲ. ನಗರ ಪ್ರದೇಶದಲ್ಲಿ 5,000 ರೂಪಾಯಿಯ ಮನೆಯೂ 50,000 ರೂಪಾಯಿಯ ಮನೆಯೂ ಒಳಗೇ. ಅಂಗಡಿಗಳೂ ಒಳಗೇ. ಪ್ರತಿಯೊಂದು ಬಾಡಿಗೆಗೂ ಬರವಣಿಗೆಯ ಕರಾರು ಇರಬೇಕು, ಅದನ್ನು ಬಾಡಿಗೆ ಪ್ರಾಧಿಕಾರದಲ್ಲಿ ನೋಂದಾಯಿಸಬೇಕು. ಪ್ರಾಧಿಕಾರ ಎಂದರೆ ಜಿಲ್ಲಾಧಿಕಾರಿ ನೇಮಿಸುವ, ಡೆಪ್ಯುಟಿ ಕಲೆಕ್ಟರ್ ದರ್ಜೆಗೆ ಕಡಿಮೆಯಿಲ್ಲದ ಒಬ್ಬ ಅಧಿಕಾರಿ. ಅದರ ಮೇಲೆ ಬಾಡಿಗೆ ನ್ಯಾಯಾಲಯ, ಅದರ ಮೇಲೆ ಬಾಡಿಗೆ ನ್ಯಾಯಮಂಡಳಿ. ಈ ಕಾಯ್ದೆಯ ಕೆಳಗೆ ಬರುವ ತಕರಾರುಗಳಿಗಾಗಿ ಸಾಮಾನ್ಯ ಸಿವಿಲ್ ಕೋರ್ಟಿಗೆ ಹೋಗುವಂತಿಲ್ಲ.

ಹೊಸೂರಿನ ನಮ್ಮ ಕುಟುಂಬದ ಬಳಿ ನೋಂದಾಯಿತ ಕರಾರಿದ್ದು, ಅದರ ಅವಧಿ ಇನ್ನೂ ಉಳಿದಿದ್ದರೆ, "ಮುಂದಿನ ತಿಂಗಳು ಖಾಲಿ ಮಾಡಿ" ಎಂಬ ಮಾತಿಗೆ ಕಾನೂನಿನ ಬಲವಿಲ್ಲ. ಕರಾರಿನ ಅವಧಿಯಲ್ಲಿ ತೆರವು ಮಾಡಿಸಬೇಕಾದರೆ ಮಾಲೀಕರು ಬಾಡಿಗೆ ನ್ಯಾಯಾಲಯಕ್ಕೆ ಹೋಗಿ 21ನೇ ಕಲಮಿನಲ್ಲಿರುವ ಕಾರಣಗಳಲ್ಲಿ ಒಂದನ್ನು ಸಾಬೀತುಪಡಿಸಬೇಕು. ಎರಡು ತಿಂಗಳ ಬಾಡಿಗೆ ಕಟ್ಟದಿರುವುದು, ಅನುಮತಿಯಿಲ್ಲದೆ ಮನೆಯನ್ನು ಬೇರೆಯವರಿಗೆ ಬಿಟ್ಟುಕೊಡುವುದು, ಎಚ್ಚರಿಸಿದ ಮೇಲೂ ದುರ್ಬಳಕೆ ಮುಂದುವರಿಸುವುದು, ಬಾಡಿಗೆದಾರ ಒಳಗಿದ್ದರೆ ಮಾಡಲಾಗದಂಥ ದುರಸ್ತಿ, ಹೀಗೆ. ಬಾಕಿಯ ಕಾರಣಕ್ಕಾದರೆ ಕೇಳಿಕೆಯ ನೋಟಿಸು ಬಂದ ಒಂದು ತಿಂಗಳೊಳಗೆ ಬಡ್ಡಿಸಹಿತ ಕಟ್ಟಿ ಮನೆ ಉಳಿಸಿಕೊಳ್ಳಬಹುದು. ಕಾರಣವಿಲ್ಲದೆ ಎಬ್ಬಿಸುವಂತಿಲ್ಲ ಎಂಬ ಒಂದು ಮಾತು ಮನೆಯ ಒಳಗಿನ ನೆಮ್ಮದಿಯನ್ನು ಎಷ್ಟು ಬದಲಿಸುತ್ತದೆ ಎಂಬುದನ್ನು ವರ್ಷಕ್ಕೊಮ್ಮೆ ಮನೆ ಹುಡುಕುವವರನ್ನು ಕೇಳಬೇಕು. ಮಗುವಿಗೆ ಶಾಲೆ ಎಲ್ಲಿ, ಅತ್ತೆಗೆ ಆಸ್ಪತ್ರೆ ಎಲ್ಲಿ ಎಂಬ ನಿರ್ಧಾರಗಳೆಲ್ಲ ಅದರ ಮೇಲೆ ನಿಂತಿರುತ್ತವೆ.

ಹಾಗೆಂದು ಹೊಸೂರಿನ ಕಾಯ್ದೆ ಬಾಡಿಗೆದಾರನ ಪರವಾಗಿಯೇ ಇದೆ ಎಂದು ತಿಳಿಯುವುದು ತಪ್ಪು. ಅದರ ರಕ್ಷಣೆ ಕರಾರಿನ ಅವಧಿಗೆ ಕಟ್ಟಿಕೊಂಡಿದೆ. ಅವಧಿ ಮುಗಿದು, ನವೀಕರಣವಾಗದೆ, ಬಾಡಿಗೆದಾರ ಹೊರಡದೆ ಉಳಿದರೆ ಎರಡು ಪಟ್ಟು ಬಾಡಿಗೆಯನ್ನು ಪರಿಹಾರವಾಗಿ ಕಟ್ಟಬೇಕಾಗುತ್ತದೆ. ಹಳೆಯ ಕಾಯ್ದೆಯಲ್ಲಿದ್ದಂತೆ ಅವಧಿ ಮುಗಿದರೂ ಮುಂದುವರಿಯುವ ಆಶ್ರಯ ಇದರಲ್ಲಿಲ್ಲ.

ಇದಕ್ಕಿಂತಲೂ ಕಠಿಣವಾದ ಮಾತು ಇನ್ನೊಂದಿದೆ. ಕಾಯ್ದೆಗೆ ತಕ್ಕಂತೆ ಬರವಣಿಗೆಯ ಕರಾರು ಮಾಡಿಕೊಳ್ಳದೆ ಹೋದರೆ, ಹಾಗೆ ಮಾಡಿಕೊಳ್ಳದ್ದೇ ತೆರವಿಗೆ ಒಂದು ಕಾರಣ. 21ನೇ ಕಲಮಿನ ಪಟ್ಟಿಯಲ್ಲಿ ಮೊದಲು ಬರುವುದೇ ಅದು. ಬಾಯಿಮಾತಿನಲ್ಲಿ ಹದಿನೈದು ವರ್ಷದಿಂದ ಇರುವ ಬಾಡಿಗೆದಾರನಿಗೆ ಮಾಲೀಕರು ದುಬಾರಿ ಷರತ್ತಿನ ಕರಾರನ್ನು ಮುಂದಿಟ್ಟು, ಅವನು ಒಪ್ಪದಿದ್ದರೆ "ಕರಾರು ಆಗಲಿಲ್ಲ" ಎಂದೇ ನ್ಯಾಯಾಲಯಕ್ಕೆ ಹೋಗಲು ಇದು ದಾರಿ ಮಾಡಿಕೊಟ್ಟಿದೆ. ಹೊಸೂರಿಗೆ ಮನೆ ಬದಲಿಸುವ ಕನ್ನಡಿಗರು ಇದನ್ನು ಮರೆಯಬಾರದು. ಬೆಂಗಳೂರಿನಲ್ಲಿ ಕರಾರಿನ ಕಾಗದ ಇದ್ದರೂ ರಕ್ಷಣೆ ಕಡಿಮೆ, ಹೊಸೂರಿನಲ್ಲಿ ಕಾಗದವೇ ರಕ್ಷಣೆ.

ಅಡ್ವಾನ್ಸಿನ ವಿಷಯ

ಮುಂಗಡದ ಹಣಕ್ಕೂ ತೆರವಿಗೂ ಸಂಬಂಧವಿಲ್ಲ ಎಂದು ಮೇಲ್ನೋಟಕ್ಕೆ ಕಾಣುತ್ತದೆ. ನಿಜಕ್ಕೂ ಅದೇ ಅರ್ಧ ಕಥೆ. ಬೆಂಗಳೂರಿನಲ್ಲಿ ಹತ್ತು ತಿಂಗಳ ಬಾಡಿಗೆಯನ್ನು ಅಡ್ವಾನ್ಸಾಗಿ ಕೇಳುವ ರೂಢಿ ಬಹಳ ಕಾಲದಿಂದ ಇದೆ. ಕೆಲವು ಕಡೆ ಐದಾರು ತಿಂಗಳಿಗೆ ಇಳಿದಿದ್ದರೂ, 1882ರ ಕಾಯ್ದೆಯ ಕೆಳಗೆ ಇಷ್ಟೇ ಕೇಳಬೇಕೆಂಬ ಮಿತಿ ಇಲ್ಲ. ಬೊಮ್ಮನಹಳ್ಳಿಯ ಕುಟುಂಬ ಹತ್ತು ತಿಂಗಳ ಲೆಕ್ಕದಲ್ಲಿ 1,50,000 ರೂಪಾಯಿ ಕೊಟ್ಟಿರುತ್ತದೆ. ತಮಿಳುನಾಡಿನ ಕಾಯ್ದೆ ಮೂರು ತಿಂಗಳ ಬಾಡಿಗೆಗಿಂತ ಹೆಚ್ಚು ಮುಂಗಡ ಕೇಳುವಂತಿಲ್ಲ ಎನ್ನುತ್ತದೆ. ಹೊಸೂರಿನ ಕುಟುಂಬಕ್ಕೆ ಅದು 45,000. ಆದರೆ "ಬೇರೆ ಒಪ್ಪಂದ ಇಲ್ಲದಿದ್ದರೆ" ಎಂಬ ಮಾತು ಆ ಕಲಮಿನಲ್ಲೇ ಇರುವುದರಿಂದ, ಕರಾರಿನಲ್ಲಿ ಹೆಚ್ಚಿನ ಮೊತ್ತ ಬರೆದು ಸಹಿ ಹಾಕಿದರೆ ಆ ಮಿತಿ ಸಡಿಲವಾಗುತ್ತದೆ. ಕೇಂದ್ರ ಸಚಿವ ಸಂಪುಟ 2021ರ ಜೂನ್‌ನಲ್ಲಿ ಒಪ್ಪಿ ರಾಜ್ಯಗಳಿಗೆ ಕಳಿಸಿದ ಮಾದರಿ ಬಾಡಿಗೆ ಕಾಯ್ದೆ ವಾಸದ ಮನೆಗೆ ಎರಡೇ ತಿಂಗಳ ಮಿತಿ ಹೇಳಿದೆ. ಆದರೆ ಅದು ಮಾದರಿ ಮಾತ್ರ, ರಾಜ್ಯ ಅಳವಡಿಸಿಕೊಂಡರಷ್ಟೇ ಕಾನೂನು.

ಈ ಹಣ ಮನೆ ಬಿಡುವ ಹೊತ್ತಿನಲ್ಲಿ ಕೆಲಸ ಮಾಡುವ ರೀತಿ ನೋಡಿ. ಬಾಡಿಗೆದಾರನ ಒಂದೂವರೆ ಲಕ್ಷ ಮಾಲೀಕರ ಕೈಯಲ್ಲಿದೆ. ಹೊಸ ಮನೆಗೆ ಇನ್ನೊಂದು ಒಂದೂವರೆ ಲಕ್ಷ ಬೇಕು. ಹಳೆಯದು ವಾಪಸು ಬರುವವರೆಗೆ ಹೊಸದಕ್ಕೆ ಕೊಡಲು ಹಣವಿಲ್ಲ. ಜಗಳವಾಡಿದರೆ ಬಣ್ಣ ಬಳಿಸುವುದು, ನಲ್ಲಿ ಹಾಳಾಗಿದೆ, ಬಾಗಿಲು ಗೀರಿದೆ ಎಂದು ಕಡಿತದ ಪಟ್ಟಿ ಬೆಳೆಯುತ್ತದೆ. ವಾಪಸು ಪಡೆಯಲು ದಾವೆ ಹೂಡಬಹುದು, ಮೂರು ವರ್ಷಗಳ ಕಾಲಮಿತಿ ಇದೆ. ಆದರೆ ವಕೀಲರ ಶುಲ್ಕ ಮತ್ತು ರಜೆಗಳ ಲೆಕ್ಕ ಹಾಕಿದವರು ಬಿಟ್ಟುಬಿಡುತ್ತಾರೆ. ಹೀಗಾಗಿ ದೊಡ್ಡ ಅಡ್ವಾನ್ಸು ಇರುವ ಊರಿನಲ್ಲಿ ನೋಟಿಸೂ ಬೇಡ, ದಾವೆಯೂ ಬೇಡ. ಮಾಲೀಕರ ಒಂದು ಮಾತಿಗೆ ಬಾಡಿಗೆದಾರ ಹೊರಡುತ್ತಾನೆ. ತಮಿಳುನಾಡಿನ ಕಾಯ್ದೆ ಮನೆ ಬಿಟ್ಟ ಒಂದು ತಿಂಗಳೊಳಗೆ ನ್ಯಾಯವಾದ ಕಡಿತ ಕಳೆದು ಹಣ ಹಿಂದಿರುಗಿಸಬೇಕು ಎನ್ನುತ್ತದೆ. ಬೆಂಗಳೂರಿನಲ್ಲಿ ಕರಾರಿನಲ್ಲಿ ದಿನಾಂಕ ಬರೆಸಿಕೊಂಡವರೇ ಗಟ್ಟಿ.

ಇದಕ್ಕೆ ಹೆದರಿ ಅನೇಕರು ಕೊನೆಯ ತಿಂಗಳುಗಳ ಬಾಡಿಗೆ ಕಟ್ಟುವುದನ್ನು ನಿಲ್ಲಿಸಿ "ಅಡ್ವಾನ್ಸಿನಲ್ಲಿ ಕಳೆದುಕೊಳ್ಳಿ" ಎನ್ನುತ್ತಾರೆ. ಮಾಲೀಕರು ಬರವಣಿಗೆಯಲ್ಲಿ ಒಪ್ಪಿದ್ದರೆ ಸರಿ. ಒಪ್ಪದಿದ್ದರೆ ಅದು ಬಾಡಿಗೆ ಬಾಕಿಯೇ. ಹೊಸೂರಿನಲ್ಲಾದರೆ ಎರಡು ತಿಂಗಳ ಬಾಕಿ ಎಂದರೆ ತೆರವಿನ ಕಾರಣವನ್ನು ನಾವೇ ಬರೆದುಕೊಟ್ಟಂತೆ.

ಮಂಗಳೂರಿನ ಅಂಗಡಿ, ಕಾಸರಗೋಡಿನ ಅಂಗಡಿ

ಪಶ್ಚಿಮದ ಕರಾವಳಿಗೆ ಹೋದರೆ ಮಾತು ಮನೆಯಿಂದ ಅಂಗಡಿಗೆ ಹೊರಳುತ್ತದೆ. ಮಂಗಳೂರಿಗೂ ಕಾಸರಗೋಡಿಗೂ ಸುಮಾರು 50 ಕಿಲೋಮೀಟರು. 1956ರ ನವೆಂಬರ್ 1ರವರೆಗೆ ಎರಡೂ ಒಂದೇ ದಕ್ಷಿಣ ಕನ್ನಡ ಜಿಲ್ಲೆಯಲ್ಲಿದ್ದವು. ರಾಜ್ಯಗಳ ಪುನರ್ವಿಂಗಡಣೆಯಲ್ಲಿ ಕಾಸರಗೋಡು ಕೇರಳಕ್ಕೆ ಹೋಯಿತು. ಅಲ್ಲಿಯ ಕನ್ನಡಿಗರ ಬದುಕಿನಲ್ಲಿ ಬದಲಾದದ್ದರ ಪಟ್ಟಿ ದೊಡ್ಡದು. ಬಾಡಿಗೆ ಅಂಗಡಿಯ ಹಕ್ಕು ಆ ಪಟ್ಟಿಯಲ್ಲಿ ಸಾಮಾನ್ಯವಾಗಿ ಯಾರೂ ಹೇಳದ ಒಂದು ಅಂಶ.

ಕರ್ನಾಟಕದ 1999ರ ಕಾಯ್ದೆ ವ್ಯಾಪಾರದ ಕಟ್ಟಡಗಳನ್ನು ಬಹುಮಟ್ಟಿಗೆ ಹೊರಗಿಟ್ಟಿದೆ. 14 ಚದರ ಮೀಟರ್ ಒಳಗಿನ, ಅಂದರೆ ಸುಮಾರು 150 ಚದರ ಅಡಿಯ ಪುಟ್ಟ ಅಂಗಡಿಗಳಿಗೆ ಮಾತ್ರ ಅದರಲ್ಲಿ ಜಾಗ, ಅವಕ್ಕೂ ಬಾಡಿಗೆಯ ಮೊತ್ತದ ಮಿತಿ ಇದ್ದೇ ಇದೆ. ಮಂಗಳೂರಿನ ಹಂಪನಕಟ್ಟೆಯಲ್ಲಿ ಮೂವತ್ತು ವರ್ಷದಿಂದ ಬಟ್ಟೆ ಅಂಗಡಿ ಇಟ್ಟುಕೊಂಡವರನ್ನೂ, ಕರಾರಿನ ಅವಧಿ ಉಳಿದಿಲ್ಲವಾದರೆ, 15 ದಿನಗಳ ನೋಟಿಸಿನಿಂದ ಹೊರಡಲು ಹೇಳಬಹುದು. ಗಿರಾಕಿಗಳು, ಹೆಸರು, ಆ ಮೂಲೆಗಿರುವ ಬೆಲೆ, ಇವೆಲ್ಲ ಅಂಗಡಿಯವರು ಕಟ್ಟಿದ್ದು. ಕಾನೂನಿನ ಲೆಕ್ಕದಲ್ಲಿ ಅವಕ್ಕೆ ಮೌಲ್ಯವಿಲ್ಲ.

ಕಾಸರಗೋಡಿನಲ್ಲಿ ಕೇರಳದ 1965ರ ಕಟ್ಟಡಗಳ ಬಾಡಿಗೆ ನಿಯಂತ್ರಣ ಕಾಯ್ದೆ ನಡೆಯುತ್ತದೆ. ಮನೆಗೂ ಅಂಗಡಿಗೂ ಒಂದೇ ಕಾಯ್ದೆ, ಬಾಡಿಗೆ ಎಷ್ಟೇ ಇರಲಿ. ಅದರ 11ನೇ ಕಲಮಿನಲ್ಲಿ ಮಾಲೀಕರ ಸ್ವಂತ ಅಗತ್ಯದ ಕಾರಣಕ್ಕೆ ಹಲವು ಬೇಲಿಗಳಿವೆ. ಮಾಲೀಕರ ಬಳಿ ಅದೇ ಊರಿನಲ್ಲಿ ಬೇರೆ ಕಟ್ಟಡ ಖಾಲಿ ಇದ್ದರೆ ವಿಶೇಷ ಕಾರಣ ತೋರಿಸಬೇಕು. ಬಾಡಿಗೆದಾರನ ಜೀವನ ಮುಖ್ಯವಾಗಿ ಆ ಅಂಗಡಿಯ ಆದಾಯದ ಮೇಲೆಯೇ ನಿಂತಿದ್ದು, ಆಸುಪಾಸಿನಲ್ಲಿ ವ್ಯಾಪಾರ ಮುಂದುವರಿಸಲು ಬೇರೆ ತಕ್ಕ ಕಟ್ಟಡ ಸಿಗದಿದ್ದರೆ, ಮಾಲೀಕರ ಅಗತ್ಯ ನಿಜವಾದರೂ ತೆರವಿನ ಆದೇಶ ಸಿಗುವುದಿಲ್ಲ. ಈ ಎರಡೂ ಅಂಶಗಳನ್ನು ಸಾಬೀತುಪಡಿಸುವ ಹೊಣೆ ಬಾಡಿಗೆದಾರನದು. ತೆರಿಗೆಯ ಲೆಕ್ಕ, ವ್ಯಾಪಾರದ ಪುಸ್ತಕ ಇಟ್ಟುಕೊಳ್ಳದವರು ಇಲ್ಲಿ ಸೋಲುತ್ತಾರೆ. ಬಾಡಿಗೆದಾರ ಇರುವ ಕಟ್ಟಡವನ್ನು ಹೊಸಬರು ಕೊಂಡರೆ ಒಂದು ವರ್ಷದವರೆಗೆ ಅವರು ಸ್ವಂತ ಅಗತ್ಯದ ಕಾರಣ ಎತ್ತುವಂತಿಲ್ಲ. ಮಾಲೀಕರು ಬದಲಾದ ಕೂಡಲೇ ಬಾಡಿಗೆದಾರ ಬದಲಾಗಬೇಕು ಎಂಬ ಬೆಂಗಳೂರಿನ ರೂಢಿಗೆ ಹೋಲಿಸಿ ನೋಡಿದರೆ ಇದರ ತೂಕ ತಿಳಿಯುತ್ತದೆ.

ಬಾಕಿಯ ವಿಷಯದಲ್ಲೂ ಕೇರಳ ಉದಾರಿ. ತೆರವಿನ ಆದೇಶ ಬಂದ ಮೇಲೂ ಒಂದು ತಿಂಗಳೊಳಗೆ ಬಾಕಿ, ಬಡ್ಡಿ, ಖರ್ಚು ಕಟ್ಟಿದರೆ ಆದೇಶ ರದ್ದಾಗುತ್ತದೆ. ಆದರೆ ಮೊಕದ್ದಮೆ ಎದುರಿಸಬೇಕಾದರೆ ಒಪ್ಪಿಕೊಂಡ ಬಾಕಿಯನ್ನು ಮೊದಲು ಠೇವಣಿ ಇಡಬೇಕು.

ಈ ಉದಾರತೆಯ ಬೆಲೆಯನ್ನು ಕೊಡುವವರೂ ಇದ್ದಾರೆ. ಪೇಟೆಯ ನಡುವಿನ ಕಟ್ಟಡಕ್ಕೆ ದಶಕಗಳ ಹಿಂದಿನ ಬಾಡಿಗೆ ಪಡೆಯುತ್ತಾ, ಮಗನಿಗೆ ಅಂಗಡಿ ಹಾಕಿಕೊಡಲಾಗದ ಮಾಲೀಕರು ಕೇರಳದಲ್ಲಿ ಬೇಕಾದಷ್ಟು. ನನ್ನ ಅಭಿಪ್ರಾಯದಲ್ಲಿ ಕೇರಳ ಬಾಡಿಗೆದಾರನ ಕಡೆಗೆ ಅತಿಯಾಗಿ ವಾಲಿದೆ, ಕರ್ನಾಟಕ ಅವನನ್ನು ಪೂರ್ತಿಯಾಗಿ ಬಿಟ್ಟುಬಿಟ್ಟಿದೆ. ಐವತ್ತು ಕಿಲೋಮೀಟರಿನೊಳಗೆ ಎರಡೂ ತುದಿಗಳನ್ನು ನೋಡಬಹುದು.

ಉತ್ತರದ ಗಡಿಯಲ್ಲಿ ನಿಪ್ಪಾಣಿಯಿಂದ ಸುಮಾರು 40 ಕಿಲೋಮೀಟರ್ ದೂರದ ಕೊಲ್ಹಾಪುರದಲ್ಲಿ ಇನ್ನೊಂದೇ ಏರ್ಪಾಡು. ಮಹಾರಾಷ್ಟ್ರದ 1999ರ ಬಾಡಿಗೆ ನಿಯಂತ್ರಣ ಕಾಯ್ದೆ, 2000ದ ಮಾರ್ಚ್ 31ರಿಂದ ಜಾರಿಯಲ್ಲಿರುವುದು, ಎರಡು ಬಾಗಿಲುಗಳನ್ನು ಇಟ್ಟಿದೆ. ಬಾಡಿಗೆದಾರ ಎಂದು ಒಳಗೆ ಬಂದವರಿಗೆ ಭದ್ರವಾದ ರಕ್ಷಣೆ. ಬಾಕಿಗಾಗಿ ದಾವೆ ಹೂಡುವ ಮೊದಲು 90 ದಿನಗಳ ನೋಟಿಸು, ದಾವೆಯ ಸಮನ್ಸು ತಲುಪಿದ ಮೇಲೆ ಮತ್ತೆ 90 ದಿನಗಳೊಳಗೆ ಬಡ್ಡಿಸಹಿತ ಕಟ್ಟಿ ಉಳಿದುಕೊಳ್ಳುವ ಅವಕಾಶ, ಬಾಡಿಗೆ ಏರಿಕೆ ವರ್ಷಕ್ಕೆ ಶೇಕಡಾ 4. ಇನ್ನೊಂದು ಬಾಗಿಲು ಲೀವ್ ಅಂಡ್ ಲೈಸೆನ್ಸ್. ಆ ಮೂಲಕ ಬಂದವರು ಬಾಡಿಗೆದಾರರಲ್ಲ, ಅನುಮತಿಯ ಮೇಲೆ ಇರುವವರು. ಅವಧಿ ಮುಗಿದ ದಿನ ಹೊರಡದಿದ್ದರೆ ಮಾಲೀಕರು ಸಕ್ಷಮ ಪ್ರಾಧಿಕಾರದ ಮುಂದೆ ಹೋಗುತ್ತಾರೆ. ಇರುವವರು ಪ್ರತಿವಾದ ಮಾಡಲೂ ಮೊದಲು ಅನುಮತಿ ಕೇಳಬೇಕು, ಉಳಿದ ದಿನಗಳಿಗೆ ಎರಡು ಪಟ್ಟು ಹಣ ಕೊಡಬೇಕು. ಹೊಸದಾಗಿ ಮನೆ ಕೊಡುವ ಮಾಲೀಕರು ಯಾವ ಬಾಗಿಲು ತೆರೆಯುತ್ತಾರೆ ಎಂದು ಹೇಳಬೇಕಾಗಿಲ್ಲ. ಬೆಳಗಾವಿ ಕಡೆಯಿಂದ ಓದಿಗೆ, ಕೆಲಸಕ್ಕೆ ಅಲ್ಲಿಗೆ ಹೋಗುವವರು ತಮ್ಮ ಕಾಗದದ ತಲೆಬರಹವನ್ನು ನೋಡಿಕೊಳ್ಳಬೇಕು. ಒಂದು ಒಳ್ಳೆಯ ಅಂಶವೆಂದರೆ ಅಲ್ಲಿ ಎರಡೂ ಬಗೆಯ ಕರಾರನ್ನು ನೋಂದಾಯಿಸುವ ಹೊಣೆ ಕಾನೂನಿನ ಪ್ರಕಾರ ಮಾಲೀಕರದು.

ಎಲ್ಲ ಊರಿಗೂ ಒಂದೇ ಆಗಿರುವುದು

ಬಾಡಿಗೆದಾರ ತಪ್ಪಿತಸ್ಥನೇ ಆಗಿರಲಿ, ಅವಧಿ ಮುಗಿದೇ ಇರಲಿ, ಮಾಲೀಕರು ತಾವೇ ಬೀಗ ಹಾಕುವಂತಿಲ್ಲ, ಸಾಮಾನು ಬೀದಿಗೆ ಎಸೆಯುವಂತಿಲ್ಲ. ಸುಪ್ರೀಂ ಕೋರ್ಟ್ 1989ರಲ್ಲಿ ಕೃಷ್ಣ ರಾಮ ಮಹಾಲೆ ಪ್ರಕರಣದಲ್ಲಿ ಇದನ್ನು ಸ್ಪಷ್ಟವಾಗಿ ಹೇಳಿದೆ: ನೆಲೆಯಾದ ಸ್ವಾಧೀನದಲ್ಲಿರುವವರನ್ನು, ಅವರಿಗೆ ಅಲ್ಲಿರುವ ಹಕ್ಕು ಇಲ್ಲದಿದ್ದರೂ, ಕಾನೂನಿನ ದಾರಿಯಲ್ಲದೆ ಹೊರಹಾಕುವಂತಿಲ್ಲ. ಹಾಗೆ ಹೊರಹಾಕಿದರೆ ನಿರ್ದಿಷ್ಟ ಪರಿಹಾರ ಕಾಯ್ದೆಯ 6ನೇ ಕಲಂ ಕೆಳಗೆ ಆರು ತಿಂಗಳೊಳಗೆ ದಾವೆ ಹೂಡಿ ಸ್ವಾಧೀನ ಮರಳಿ ಪಡೆಯಬಹುದು. ಮನೆ ಯಾರದು ಎಂಬ ಪ್ರಶ್ನೆಯೇ ಆ ದಾವೆಯಲ್ಲಿ ಬರುವುದಿಲ್ಲ. ಆರು ತಿಂಗಳು ಎಂಬುದು ಗಟ್ಟಿ ಗಡುವು. ಬೆದರಿಕೆ ಆರಂಭವಾದಾಗಲೇ ತಡೆಯಾಜ್ಞೆಗೆ ಹೋಗುವುದು ಇನ್ನೂ ಮೇಲು.

ನೀರು, ವಿದ್ಯುತ್ ಕಡಿದು ಬಾಡಿಗೆದಾರನನ್ನು ಸುಸ್ತು ಮಾಡುವುದು ಎಲ್ಲೆಡೆ ಕಾಣುವ ಉಪಾಯ. ತಮಿಳುನಾಡು, ಕೇರಳ, ಮಹಾರಾಷ್ಟ್ರದ ಕಾಯ್ದೆಗಳಲ್ಲಿ ಇದಕ್ಕೆ ನೇರವಾದ ಕಲಂ ಇದೆ. ಹೊಸೂರಿನವರು ಬಾಡಿಗೆ ಪ್ರಾಧಿಕಾರಕ್ಕೆ ಅರ್ಜಿ ಕೊಟ್ಟರೆ ಸಂಪರ್ಕ ಮರಳಿ ಕೊಡಿಸುವ ಆದೇಶ ಪಡೆಯಬಹುದು. ಬೊಮ್ಮನಹಳ್ಳಿಯವರು ಸಿವಿಲ್ ಕೋರ್ಟಿಗೇ ಹೋಗಬೇಕು. ಠಾಣೆಗೆ ಹೋದರೆ "ಇದು ಸಿವಿಲ್ ವಿಷಯ" ಎಂಬ ಉತ್ತರ ಸಿಗುವುದು ಸಾಮಾನ್ಯ. ಬೀಗ ಒಡೆದದ್ದು, ಹಲ್ಲೆ, ಬೆದರಿಕೆ ಇವು ಸಿವಿಲ್ ವಿಷಯಗಳಲ್ಲ ಎಂದು ಲಿಖಿತವಾಗಿ ದೂರು ಕೊಟ್ಟು ಸ್ವೀಕೃತಿ ಪಡೆಯಬೇಕು. ಆ ಒಂದು ಹಾಳೆ ಮುಂದೆ ನ್ಯಾಯಾಲಯದಲ್ಲಿ ಕೆಲಸಕ್ಕೆ ಬರುತ್ತದೆ.

ಕರಾರಿನಲ್ಲಿ ಇನ್ನೊಂದು ಸಾಲನ್ನು ಹುಡುಕಿ: ತಕರಾರು ಬಂದರೆ ಮಧ್ಯಸ್ಥಗಾರರ ಮುಂದೆ ಹೋಗಬೇಕು ಎಂಬುದು. 1882ರ ಕಾಯ್ದೆಯ ಕೆಳಗಿನ ಬಾಡಿಗೆಗಳಲ್ಲಿ ಅಂಥ ಷರತ್ತು ಊರ್ಜಿತ ಎಂದು ಸುಪ್ರೀಂ ಕೋರ್ಟ್ 2020ರ ವಿದ್ಯಾ ಡ್ರೋಲಿಯಾ ತೀರ್ಪಿನಲ್ಲಿ ಹೇಳಿದೆ. ರಾಜ್ಯದ ಬಾಡಿಗೆ ಕಾಯ್ದೆ ರಕ್ಷಿಸುವ ಬಾಡಿಗೆಗಳಲ್ಲಿ ಅದು ನಡೆಯುವುದಿಲ್ಲ. ಬೆಂಗಳೂರಿನ ಬಹುಪಾಲು ಬಾಡಿಗೆದಾರರು ಮೊದಲ ಗುಂಪಿನವರು.

ಬೆಂಗಳೂರಿಗೇ ವಿಶೇಷವಾದ ಒಂದು ಅಪಾಯವಿದೆ. ಅದು ಭೋಗ್ಯ, ಬೋರ್ಡುಗಳಲ್ಲಿ ಬರೆಯುವಂತೆ ಲೀಸ್. ಹತ್ತೋ ಹದಿನೈದೋ ಲಕ್ಷ ಒಟ್ಟಿಗೆ ಕೊಟ್ಟು, ತಿಂಗಳ ಬಾಡಿಗೆಯಿಲ್ಲದೆ ಎರಡು ಮೂರು ವರ್ಷ ಇರುವುದು. ಒಂದು ವರ್ಷ ಮೀರಿದ ಗುತ್ತಿಗೆಯನ್ನು ನೋಂದಾಯಿಸಲೇಬೇಕೆಂದು ಕಾನೂನು ಹೇಳುತ್ತದೆ. ಜನ ಛಾಪಾ ಕಾಗದದ ಮೇಲೆ ಬರೆದು ನೋಟರಿ ಮುದ್ರೆ ಹಾಕಿಸಿ ಸುಮ್ಮನಾಗುತ್ತಾರೆ. ಆ ಕಾಗದದಿಂದ ಮೂರು ವರ್ಷದ ಅವಧಿಯನ್ನು ಸಾಬೀತುಪಡಿಸಲಾಗದು. ಮಾಲೀಕರು ಅದೇ ಮನೆಯನ್ನು ಬ್ಯಾಂಕಿಗೆ ಅಡಮಾನವಿಟ್ಟು ಸಾಲ ತೀರಿಸದಿದ್ದರೆ, ಸಾಲ ವಸೂಲಿಗಾಗಿ ಇರುವ 2002ರ ಸರ್ಫೇಸಿ ಕಾಯ್ದೆಯ ಬಲದಲ್ಲಿ ಬ್ಯಾಂಕು ಮನೆಯನ್ನು ವಶಕ್ಕೆ ಪಡೆಯಲು ಬರುತ್ತದೆ. ಅಡಮಾನಕ್ಕೂ ಮೊದಲು ಆರಂಭವಾಗಿ ಸರಿಯಾದ ದಾಖಲೆಯಿರುವ ಬಾಡಿಗೆಗೆ ಒಂದಷ್ಟು ರಕ್ಷಣೆ ಉಂಟು. ಆಮೇಲಿನ, ನೋಂದಣಿಯಿಲ್ಲದ ಭೋಗ್ಯಕ್ಕೆ ಬಹಳ ಕಡಿಮೆ. ಮನೆಯೂ ಹೋಗಿ, ಜೀವಮಾನದ ಉಳಿತಾಯವೂ ಹೋದವರು ಬೆಂಗಳೂರಿನಲ್ಲಿ ಸಾಕಷ್ಟಿದ್ದಾರೆ. ಹಣ ಕೊಡುವ ಮೊದಲು ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶದಲ್ಲಿ ಋಣಭಾರ ಪತ್ರ ತೆಗೆಸಿ, ಅಡಮಾನಗಳ ಕೇಂದ್ರ ದಾಖಲಾತಿಯಾದ ಸರ್ಸೈಯಲ್ಲಿ ಹುಡುಕಿ, ಉಪನೋಂದಣಿ ಕಚೇರಿಯಲ್ಲಿ ಭೋಗ್ಯದ ಅಡಮಾನ ಪತ್ರವನ್ನೇ ನೋಂದಾಯಿಸಿಕೊಳ್ಳಬೇಕು. ಹಾಗೆ ನೋಂದಾಯಿಸಿದರೆ ಹಣ ಹಿಂದಿರುಗಿಸುವವರೆಗೆ ಮನೆ ಕೊಟ್ಟವರೇ ಬಿಡಿಸಲಾರರು. ಖರ್ಚು ಬರುತ್ತದೆ, ಹದಿನೈದು ಲಕ್ಷದ ಮುಂದೆ ಅದು ದೊಡ್ಡದಲ್ಲ.

ಕರ್ನಾಟಕ ಏನು ಮಾಡಬಹುದು? 3,500 ರೂಪಾಯಿಯ ಮಿತಿಯನ್ನು ತೆಗೆದುಹಾಕಿದರೆ ಈಗಿರುವ 27ನೇ ಕಲಂ ಲಕ್ಷಾಂತರ ಮನೆಗಳಿಗೆ ಜೀವಂತವಾಗುತ್ತದೆ. ಆದರೆ ನಿಧಾನದ ನ್ಯಾಯಾಲಯಗಳನ್ನು ಹಾಗೆಯೇ ಇಟ್ಟು ಅಷ್ಟನ್ನೇ ಮಾಡಿದರೆ ಸಣ್ಣ ಮಾಲೀಕರು ಮನೆ ಬಾಡಿಗೆಗೆ ಕೊಡುವುದನ್ನೇ ನಿಲ್ಲಿಸಿಯಾರು. ತಮಿಳುನಾಡಿನಂತೆ ತಾಲ್ಲೂಕಿಗೆ ಹತ್ತಿರದಲ್ಲೇ ಒಬ್ಬ ಬಾಡಿಗೆ ಅಧಿಕಾರಿ, ಪ್ರತ್ಯೇಕ ಬಾಡಿಗೆ ನ್ಯಾಯಾಲಯ ಬೇಕು, ಅಡ್ವಾನ್ಸಿಗೆ ಕರಾರಿನಿಂದ ಸಡಿಲವಾಗದ ಮಿತಿ ಬೇಕು.

ಆದರೆ ಅಲ್ಲಿಯ ಕಾಯ್ದೆಯನ್ನು ಇದ್ದಕ್ಕಿದ್ದಂತೆ ತರುವುದು ಬೇಡ. ಬೊಮ್ಮನಹಳ್ಳಿಯ ವಠಾರಗಳಲ್ಲಿ ಗಾರ್ಮೆಂಟ್ಸ್ ಕಾರ್ಖಾನೆಗಳ ಹೆಣ್ಣುಮಕ್ಕಳು ಸಾವಿರಾರು ಮಂದಿ ಬಾಡಿಗೆಗಿದ್ದಾರೆ. ಅವರಲ್ಲಿ ಹೆಚ್ಚಿನವರಿಗೆ ಕರಾರು ಪತ್ರವನ್ನು ಯಾರೂ ಕೊಟ್ಟಿಲ್ಲ, ಕೇಳುವ ಧೈರ್ಯವೂ ಇಲ್ಲ. ಕಾಗದವಿಲ್ಲದಿರುವುದನ್ನೇ ತೆರವಿನ ಕಾರಣ ಮಾಡುವ ಕಾಯ್ದೆ ಮೊದಲು ಎಬ್ಬಿಸುವುದು ಅವರನ್ನು. ಕರಾರು ಬರೆಸಿ ನೋಂದಾಯಿಸುವ ಹೊಣೆ ಮಹಾರಾಷ್ಟ್ರದಲ್ಲಿರುವಂತೆ ಮಾಲೀಕರ ಮೇಲಿರಬೇಕು. ಮೊಬೈಲಿನಲ್ಲಿ ಬಾಡಿಗೆ ಕಳಿಸಿದ ದಾಖಲೆ, ಆ ವಿಳಾಸದ ಪಡಿತರ ಚೀಟಿ, ಮಗುವಿನ ಶಾಲೆಯ ದಾಖಲಾತಿ, ಇವುಗಳಲ್ಲಿ ಯಾವುದೇ ಒಂದು ಸಾಕು ಎಂದು ಕಾಯ್ದೆಯಲ್ಲೇ ಬರೆದು, ಅವರನ್ನು ಬಾಡಿಗೆದಾರರೆಂದು ಒಪ್ಪಿಕೊಳ್ಳಬೇಕು.